ಭಾವನ ಎಲೆಗೆ ಬಡಿಸಿದ ಒಬ್ಬಟ್ಟು

ಮೊನ್ನೆ ಸಂಜೆ ಭಾವ ನಮ್ಮ ಅಬ್ಬಿಗೆರೆ ಮನೆಗೆ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲೊಂದು ಸ್ಟೀಲ್ ಡಬ್ಬಿ. ಡಬ್ಬಿಯನ್ನು ಟೀಪಾಯಿ ಮೇಲಿಟ್ಟು ಮುಚ್ಚಳ ಸಡಿಲಿಸಿದ್ದೇ ತಡ, ಬೆಲ್ಲ, ಏಲಕ್ಕಿ, ಬೆಂದ ತೊಗರಿಬೇಳೆ ಎಲ್ಲ ಬೆರೆತ ಹೂರಣದ ವಾಸನೆ ಹಾಲ್ ತುಂಬಿತು. ಬೇರೆಯವರಿಗಾದರೆ ಬಾಯಲ್ಲಿ ನೀರೂರುತ್ತಿತ್ತು. ನಾನು ಹಲ್ಲು ಕಚ್ಚಿಕೊಂಡೆ. ಹತ್ತನೇ ಕ್ಲಾಸಿನ ವರ್ಷದಿಂದ ಈಚೆಗೆ ನಾನು ಒಬ್ಬಟ್ಟು ತಿಂದಿಲ್ಲ. ನಾನು ವಿಜ್ಞಾನ ಪಾಠ ಮಾಡುವ ಹೈಸ್ಕೂಲಿನಲ್ಲಿ ಹಬ್ಬದ ಮರುದಿನ ಯಾರಾದರೂ ಒಬ್ಬಟ್ಟು ತಂದು, ನಾನು ಬೇಡವೆಂದರೆ, "ಏನ್ ಮೇಡಂ, ಡಯಟ್ಟಾ?" ಎಂದು ಕೇಳುತ್ತಾರೆ. ಹೌದು ಅನ್ನುತ್ತೇನೆ. ಹಗೆ ಅಂದರೆ ಕಥೆ ಪೂರ್ತಿ ಹೇಳಬೇಕಾಗುತ್ತದೆ.

"ಚೆನ್ನಾಗಿದೀಯಾ ನೇತ್ರಾ?" ಎಂದು ಭಾವ ಕೇಳಿದ. "ಚೆನ್ನಾಗಿದೀನಿ ಭಾವ, ಕೂತ್ಕೊಳಿ" ಎಂದೆ. ಎದುರಿಗೆ 'ನೀವು' ಅನ್ನುವುದನ್ನು ನಾನು ಒಂದು ದಿನವೂ ಬಿಟ್ಟಿಲ್ಲ. ಮನಸ್ಸಿನಲ್ಲಿ ಮಾತ್ರ ಅವನಿಗೆ ಬಹುವಚನ ಸಲ್ಲಿಸಲು ನನ್ನಿಂದ ಆಗಿಲ್ಲ, ಆಗುವುದೂ ಇಲ್ಲ.

ಆ ವರ್ಷ ಜೂನ್‌ನಲ್ಲಿ ಶಾಲೆ ಶುರುವಾದ ವಾರವೇ ನಮ್ಮಕ್ಕ ಭಾಗ್ಯ ತೀರಿಕೊಂಡಳು. ಮಳೆ ಹಿಡಿದಿತ್ತು. ಚಿಕ್ಕಜಾಲದಲ್ಲಿ ಭಾವನ ಹೊಲದ ಮೂಲೆಯಲ್ಲಿ ಅಕ್ಕನನ್ನು ಮಣ್ಣು ಮಾಡುವಾಗ ತಲೆಯ ಮೇಲೆ ವಿಮಾನಗಳು ಒಂದರ ಹಿಂದೆ ಒಂದು ಇಳಿಯುತ್ತಿದ್ದವು, ಅಮ್ಮ ಅಳುತ್ತಿದ್ದುದೂ ಕೇಳಿಸುತ್ತಿರಲಿಲ್ಲ. ಟಿ.ಬಿ. ಎಂದು ಎಲ್ಲರಿಗೂ ಹೇಳಿದರು. ಟಿ.ಬಿ. ಇದ್ದದ್ದು ನಿಜ. ಅದು ಯಾಕೆ ಬಂತು, ಯಾಕೆ ಬಿಟ್ಟು ಹೋಗಲಿಲ್ಲ ಎಂದು ಯಾರೂ ಕೇಳಲಿಲ್ಲ. ಅಕ್ಕನ ಮಗಳು ಚೈತ್ರಾಗೆ ಆಗ ನಾಲ್ಕು ವರ್ಷ. ನನ್ನ ಯೂನಿಫಾರ್ಮಿನ ದುಪಟ್ಟಾ ಹಿಡಿದುಕೊಂಡು, "ಅಮ್ಮನ ಮೇಲೆ ಯಾಕೆ ಮಣ್ ಹಾಕ್ತಾರೆ?" ಎಂದು ಕೇಳುತ್ತಲೇ ಇದ್ದಳು.

ಅಕ್ಕ ಓದಿದ್ದು ಏಳನೇ ಕ್ಲಾಸು. ನಮ್ಮದು ಅಬ್ಬಿಗೆರೆ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಇಲ್ಲೇ ಇದ್ದ ಮನೆತನ. ಅಪ್ಪ ಪೀಣ್ಯದ ಫ್ಯಾಕ್ಟರಿಯಲ್ಲಿ ಫಿಟ್ಟರ್. ಹೈಸ್ಕೂಲಿಗೆ ಹೋಗಬೇಕಾದರೆ ಲೇತ್ ಶೆಡ್ಡುಗಳ ಸಾಲು ದಾಟಿ ದಾಸರಹಳ್ಳಿಯವರೆಗೆ ನಡೆಯಬೇಕಿತ್ತು. ಅಕ್ಕ ದೊಡ್ಡವಳಾದ ಮೇಲೆ ಅಪ್ಪ, "ಆ ಶೆಡ್ಡುಗಳ ಮುಂದೆ ಹೆಣ್ಮಗು ಓಡಾಡೋದು ಬೇಡ" ಎಂದುಬಿಟ್ಟರು. ಹೊರಗೆ ಹೋದರೆ ಕೆಡುಕಾದೀತೆಂದು ಮಗಳನ್ನು ಮನೆಯಲ್ಲಿಟ್ಟರು. ಕೆಡುಕು ಮನೆಯೊಳಕ್ಕೇ ಬಂತು, ಬಿಳಿ ಶರ್ಟು ಹಾಕಿಕೊಂಡು, ಓಲಗ ಊದಿಸಿಕೊಂಡು. ಭಾವನ ಹೆಸರು ಮುನಿರಾಜು. ಏರ್‌ಪೋರ್ಟ್ ರಸ್ತೆ ಪಕ್ಕದ ಜಮೀನು ಮಾರಿ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದ ಕುಳ. ಊರಿನ ಪಂಚಾಯಿತಿ ಕಟ್ಟೆಯಲ್ಲಿ ಅವನಿಗೊಂದು ಜಾಗವಿತ್ತು. ನಮ್ಮ ಕಡೆಯವರೆಲ್ಲ ಭಾಗ್ಯಳ ಭಾಗ್ಯ ನೋಡಿ ಅಂದರು. ಅಕ್ಕನಿಗೆ ಆಗ ಹದಿನೆಂಟು ತುಂಬಿರಲಿಲ್ಲ.

ನನ್ನ ಸರದಿ ಬಂದಾಗ ಅಪ್ಪ ಅದೇ ಮಾತು ತೆಗೆದಿದ್ದರು. ಅಕ್ಕ ಚಿಕ್ಕಜಾಲದಿಂದ ಫೋನು ಮಾಡಿ, "ನೇತ್ರನ್ನ ಸ್ಕೂಲ್ ಬಿಡಿಸಿದ್ರೆ ನಾನು ಈ ಜನ್ಮದಲ್ಲಿ ತವರಿಗೆ ಕಾಲಿಡಲ್ಲ, ನೋಡ್ಕೊಳಪ್ಪ" ಎಂದು ಕಿರುಚಿದ್ದಳು. ಬಾಯಿ ಸತ್ತವಳು ಎಂದು ಹೆಸರು ಪಡೆದಿದ್ದ ಅಕ್ಕ ತನಗಾಗಿ ಎಂದೂ ದನಿ ಎತ್ತಿರಲಿಲ್ಲ, ನನಗಾಗಿ ಎತ್ತಿದ್ದು ಅದೊಂದೇ ಸಲ. ಹಾಗೆ ನಾನು ಹೈಸ್ಕೂಲಿಗೆ ಹೋದೆ.

ಅವಳು ಸಾಯುವ ಮುಂಚಿನ ಬೇಸಿಗೆ ರಜೆಯನ್ನು ನಾನು ಚಿಕ್ಕಜಾಲದಲ್ಲಿ ಅವಳ ಮಂಚದ ಪಕ್ಕದಲ್ಲೇ ಕಳೆದೆ. ಅಕ್ಕ ಸೊರಗಿ ಕಡ್ಡಿಯಾಗಿದ್ದಳು. ಬಾಯೊಳಗೆಲ್ಲ ಬಿಳಿ ಹುಣ್ಣು, ಗಂಜಿ ಇಳಿಯುತ್ತಿರಲಿಲ್ಲ. ಯಾವ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ ಅಂದರೂ ಭಾವ ಮರುದಿನವೇ ಆಸ್ಪತ್ರೆ ಬದಲಾಯಿಸುತ್ತಿದ್ದ. ಕೊನೆಗೆ ದೃಷ್ಟಿಯಾಗಿದೆ ಎಂದು ತಾಯತ ಕಟ್ಟಿಸಿದ. ಆದರೆ ಅವನು ಮಾತ್ರ ರಾತ್ರಿ ಊಟ ಮುಗಿಸಿ, ಟೀವಿಯಲ್ಲಿ ವಾರ್ತೆ ಶುರುವಾಗುತ್ತಿದ್ದಂತೆ ಬೀರುವಿನಿಂದ ಒಂದು ಬಿಳಿ ಪ್ಲಾಸ್ಟಿಕ್ ಬಾಟಲಿ ತೆಗೆದು ಒಂದು ಮಾತ್ರೆ ನುಂಗುತ್ತಿದ್ದ. ಬಾಟಲಿಯ ಲೇಬಲ್ಲನ್ನು ಉಗುರಿನಲ್ಲಿ ಕೆರೆದು ತೆಗೆದಿದ್ದ. ಮನೆಯಿಂದ ಹೊರಗಿರುವ ದಿನಗಳಿಗೆಂದು ಒಂದೆರಡನ್ನು ಕಾಗದದಲ್ಲಿ ಸುತ್ತಿ ಶರ್ಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದ.

"ಶುಗರ್ ಮಾತ್ರೆ. ಊರು ಮುಳುಗಿದ್ರೂ ನಿಮ್ ಭಾವಂಗೆ ಅದು ತಪ್ಪಲ್ಲ ಕಣೆ" ಎಂದು ಅಕ್ಕ ಮಲಗಿದಲ್ಲಿಂದಲೇ ನಕ್ಕಿದ್ದಳು. ಇನ್ನೊಂದು ದಿನ ಅವನನ್ನೇ ಕೇಳಿದಳು: "ರೀ, ನಂಗೂ ಅಂಥದ್ದೊಂದು ಒಳ್ಳೆ ಮಾತ್ರೆ ಬರೆಸ್ಕೊಂಡ್ ಬನ್ರಿ." ಅವನು ನೀರು ಕುಡಿದು ಲೋಟ ಕೆಳಗಿಟ್ಟು, "ನಿಂಗೆ ಮಾತ್ರೆಗೆ ಹೋಗೋ ಕಾಯಿಲೆ ಅಲ್ಲ" ಎಂದ. ನಾನು ಅಲ್ಲೇ ಇದ್ದೆ. ಅಕ್ಕನ ಕಾಲು ಒತ್ತುತ್ತಿದ್ದೆ.

ಸಕ್ಕರೆ ಕಾಯಿಲೆಯ ಈ ಮನುಷ್ಯ ನಮ್ಮ ಮನೆಗೆ ಹಬ್ಬಕ್ಕೆ ಬಂದರೆ ತುಪ್ಪ ಸುರಿದುಕೊಂಡು ಒಬ್ಬಟ್ಟಿನ ಮೇಲೆ ಒಬ್ಬಟ್ಟು ತಿನ್ನುತ್ತಿದ್ದ. ನಮ್ಮಲ್ಲಿ ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ. ಅಳಿಯನ ಎಲೆ ಬರಿದಾಗಬಾರದು, ಅಳಿಯನಿಗೆ ಸಾಕು ಅನ್ನಬಾರದು, ಅಳಿಯ ತಿಂದದ್ದನ್ನು ಎಣಿಸಬಾರದು. ಈ ಮರ್ಯಾದೆಯಲ್ಲೇ ನಾವು ಮುಳುಗಿಹೋದೆವು. ಶುಗರ್ ಇರುವ ಅಪ್ಪನಿಗೆ ಕಾಫಿಗೆ ಸಕ್ಕರೆ ಹಾಕದ ಅಮ್ಮನೇ ಅಳಿಯನಿಗೆ, "ಇನ್ನೊಂದ್ ಹಾಕಿಸ್ಕೊಳಿ" ಎಂದು ಬಲವಂತ ಮಾಡುತ್ತಿದ್ದಳು.

ನವೆಂಬರ್ ಹೊತ್ತಿಗೆ ಅಕ್ಕನ ಅತ್ತೆ ನಮ್ಮ ಮನೆಗೆ ಬಂದರು. ಚೈತ್ರಾಳನ್ನು ಅಮ್ಮನ ಮಡಿಲಿಗೆ ಹಾಕಿ ಮಾತು ತೆಗೆದರು: "ಏನ್ ಬೀಗ್ರೇ, ಮಗೀಗೆ ಒಂದ್ ತಾಯಿ ಬ್ಯಾಡ್ವಾ? ಒರಗಿಂದ ಬಂದೋಳು ಒಡುದ್ರೆ ಕೇಳೋರ್ಯಾರು? ನಿಮ್ ಚಿಕ್ಕುಡ್ಗೀನೇ ಕೊಟ್ಬುಡಿ. ಇಂಗೆ ಅಕ್ಕ ಓಗ್ಬುಟ್ರೆ ತಂಗೀನ ಕೊಡೋದು ನಮ್ಮಲ್ಲಿ ಇದ್ದದ್ದೇ ಅಲ್ವಾ?" ಮೊಮ್ಮಗಳ ಬಡಕಲು ಕೈ ಹಿಡಿದುಕೊಂಡು ಅಮ್ಮ ಅತ್ತಳು, ಅಳುತ್ತಲೇ ತಲೆಯಾಡಿಸಿದಳು. ಸಂಕ್ರಾಂತಿ ಕಳೆದ ಮೇಲೆ ಹೂ ಮುಡಿಸುವ ಶಾಸ್ತ್ರ, ಆಮೇಲೆ ಮದುವೆ ಎಂದಾಯಿತು. "ನಂಗೆ ಪರೀಕ್ಷೆ ಇದೆ" ಎಂದೆ. "ಹತ್ತನೇ ಕ್ಲಾಸ್ ಪಾಸ್ ಮಾಡಿ ಮಗೀಗೆ ಪಾಠ ಯೋಳ್ಕೊಡ್ತೀಯಾ?" ಎಂದು ಅತ್ತೆ ನಕ್ಕರು. ಎಲ್ಲರೂ ನಕ್ಕರು.

ನಮ್ಮ ವಿಜ್ಞಾನದ ಸುಮಂಗಳಾ ಮಿಸ್ ಗಿಡ್ಡ ಹೆಂಗಸು, ದೊಡ್ಡ ಗಂಟಲು. ಬೇರೆ ಸೆಕ್ಷನ್ನಿನ ಮೇಷ್ಟ್ರು, "ಇದನ್ನ ಮನೇಲಿ ಓದ್ಕೊಳಿ" ಎಂದು ದಾಟಿಸಿದ ಪಾಠವನ್ನು ಅವರು ಅವರೆಕಾಯಿ ಕಾಲದ ಒಂದು ಚಳಿ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಪೂರ್ತಿ ಹೇಳಿದರು. ಎಚ್‌ಐವಿ ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ, ಗಂಡನಿಂದ ಹೆಂಡತಿಗೆ, ತಾಯಿಯಿಂದ ಮಗುವಿಗೆ ಹೇಗೆ ದಾಟುತ್ತದೆ, ತಡೆಯುವುದು ಹೇಗೆ. ಹುಡುಗಿಯರೆಲ್ಲ ಬೆಂಚು ನೋಡುತ್ತಿದ್ದರು. "ತಲೆ ಎತ್ತಿ ಕೇಳ್ರೇ! ನಾಚಿಕೆ ಪಟ್ಕೊಂಡು ಕೂತ್ರೆ ಅದೇನು ನಿಮ್ಮನ್ನ ಬಿಟ್ಟು ಹೋಗುತ್ತಾ?" ಎಂದು ಗದರಿದರು. ಆಮೇಲೆ ಹೇಳಿದರು: "ಇವತ್ತು ಮಾತ್ರೆ ಇದೆ. ದಿನಾ ತಪ್ಪದೆ ಒಂದೇ ಹೊತ್ತಿಗೆ ತಗೊಂಡ್ರೆ ಎಲ್ಲರ ಹಾಗೆ ದುಡೀಬಹುದು, ಉಣ್ಣಬಹುದು, ತುಂಬಾ ವರ್ಷ ಬದುಕಬಹುದು. ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ ಕೊಡ್ತಾರೆ. ತಗೊಳ್ಳದೆ ಇದ್ರೆ ಸೊರಗ್ತಾರೆ, ಬಾಯಲ್ಲಿ ಹುಣ್ಣಾಗುತ್ತೆ, ಟಿ.ಬಿ. ಹಿಡ್ಕೊಳ್ಳುತ್ತೆ."

ಆ ಬಿಳಿ ಬಾಟಲಿ ಕಣ್ಣ ಮುಂದೆ ಬಂದು ನಿಂತಿತು.

ಮಧ್ಯಾಹ್ನ ಸ್ಟಾಫ್ ರೂಮಿನ ಹೊರಗೆ ಮಿಸ್ಸಿಗೆ ಎಲ್ಲ ಹೇಳಿದೆ. ಅವರು ನನ್ನನ್ನು ಕಾರಿಡಾರಿನ ಕೊನೆಗೆ ಕರೆದುಕೊಂಡು ಹೋದರು. "ಬಾಟ್ಲಿ ನೋಡಿ ಕಾಯಿಲೆ ಹೇಳಕ್ಕಾಗಲ್ಲ ನೇತ್ರಾ. ರಕ್ತ ಪರೀಕ್ಷೆ ಮಾತ್ರ ಹೇಳುತ್ತೆ. ಇನ್ನೊಂದು ನೆನಪಿಟ್ಕೊ. ಕಾಯಿಲೆ ಬಂದಿದ್ದು ತಪ್ಪಲ್ಲ. ಗೊತ್ತಿದ್ದೂ ಹೆಂಡತೀಗೆ ಹೇಳದೆ ಇದ್ದಿದ್ರೆ, ಅದು ತಪ್ಪು. ಈ ಮದುವೇನ ಮಾತ್ರ ನಾನು ದೂರು ಕೊಟ್ಟು ನಿಲ್ಲಿಸ್ತೀನಿ. ನಿಂಗಿನ್ನೂ ವಯಸ್ಸೇ ಆಗಿಲ್ಲ."

"ನಿಂತ್ರೆ ಸಾಲ್ದು ಮಿಸ್" ಎಂದೆ. "ಅವರು ಉತ್ತರ ಹೇಳ್ಬೇಕು. ಎಲ್ಲರ ಮುಂದೆ."

ಆ ಚಳಿಗಾಲವಿಡೀ ನಾನು ಓದಿದ್ದು ಸಿಟ್ಟಿನಿಂದ. ಗಣಿತದ ಲೆಕ್ಕ ಬಿಡಿಸುವಾಗಲೂ ಮನಸ್ಸಿನಲ್ಲಿ ಒಂದೇ ಪ್ರಶ್ನೆಯನ್ನು ಮಸೆಯುತ್ತಿದ್ದೆ. ಅಮ್ಮ ನಾನು ಸುಮ್ಮನಿರುವುದನ್ನು ನೋಡಿ ಒಪ್ಪಿದ್ದಾಳೆಂದು ತಿಳಿದಳು. ಮದುವೆ ನಿಲ್ಲಿಸುವುದು ಮಿಸ್ಸಿನಿಂದಲೂ ಆಗುತ್ತಿತ್ತು. ಅವನ ಮುಖ ಬಿಳಿಚುವುದನ್ನು ನೋಡುವ ಸುಖ ಮಾತ್ರ ನನ್ನದಾಗಬೇಕಿತ್ತು. ಇದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಸಂಕ್ರಾಂತಿ ಕಳೆದ ಭಾನುವಾರ ಚಿಕ್ಕಜಾಲದಿಂದ ಎರಡು ಕಾರುಗಳಲ್ಲಿ ಬಂದರು, ಚೈತ್ರಾಳೂ ಜೊತೆಗಿದ್ದಳು. ಮೊದಲು ಊಟ, ಊಟವಾದ ಮೇಲೆ ಹೂ ಮುಡಿಸುವುದು. ಒಮ್ಮೆ ಮುತ್ತೈದೆಯರು ತಲೆಗೆ ಹೂವಿಟ್ಟರೆ ನಮ್ಮವರ ಕಣ್ಣಿಗೆ ಅರ್ಧ ಮದುವೆ ಆದ ಹಾಗೆಯೇ. ಅಮ್ಮ ನನಗೆ ಅಕ್ಕನ ಹಸಿರು ರೇಷ್ಮೆ ಸೀರೆ ಉಡಿಸಿದ್ದಳು. ಹಾಲ್‌ನಲ್ಲಿ ಚಾಪೆ ಹಾಸಿ ಬಾಳೆಲೆ ಹಾಕಿದರು. ಗಂಡಿಗೆ ಹೆಣ್ಣಿನ ಕೈಯಲ್ಲೇ ಸಿಹಿ ಬಡಿಸಬೇಕು ಎಂದು ಅತ್ತೆ ಕೂಗಿದರು. ನಾನು ಒಬ್ಬಟ್ಟಿನ ತಟ್ಟೆ ಹಿಡಿದು ಹೋದೆ.

ಒಂದು ಹಾಕಿದೆ. ತುಪ್ಪ ಬಡಿಸಿದೆ. "ಇನ್ನೊಂದ್ ಹಾಕ್ಲಾ ಭಾವ?" ಎಂದೆ. "ಹಾಕು" ಎಂದ. ಮತ್ತೂ ಒಂದು ಹಾಕಿದೆ. "ಆಕು ಮಗಾ, ಅವನ್ಗೆ ಒಬ್ಬಟ್ಟಂದ್ರೆ ಪ್ರಾಣ" ಎಂದರು ಅತ್ತೆ.

"ಅಲ್ಲ ಭಾವ, ದಿನಾ ರಾತ್ರಿ ಶುಗರ್ ಮಾತ್ರೆ ನುಂಗ್ತೀರಲ್ಲ, ಇಷ್ಟು ಸಿಹಿ ತಿಂದ್ರೆ ಏನೂ ಆಗಲ್ವಾ?"

ಸಾಲಿನಲ್ಲಿ ಕೂತವರು ನಕ್ಕರು. ಅವನೂ ನಕ್ಕ. "ಒಂದಿನ ತಿಂದ್ರೆ ಏನಾಗುತ್ತೆ?"

"ಒಂದಿನ ಅಲ್ಲ, ಬಂದಾಗೆಲ್ಲ ತಿಂದಿದೀರಾ. ನಮ್ಮಪ್ಪಂಗೂ ಶುಗರ್ ಇದೆ, ಅವ್ರ ಮಾತ್ರೆ ಮೇಲೆ ಹೆಸರಿರುತ್ತೆ. ನಿಮ್ ಬಿಳಿ ಬಾಟ್ಲಿ ಮೇಲೆ ಯಾಕೆ ಲೇಬಲ್ ಕೆರೆದಿದೀರಾ?"

ಯಾರೂ ನಗಲಿಲ್ಲ. ತಟ್ಟೆಯನ್ನು ಕೆಳಗಿಟ್ಟು ಅವನೆದುರಿಗೇ ಕೂತೆ. "ಒಂದೇ ಒಂದ್ ಮಾತು ಹೇಳ್ಬಿಡಿ ಭಾವ, ಈಗ್ಲೇ ಹೂ ಮುಡಿಸ್ಕೊತೀನಿ. ಆ ಮಾತ್ರೇಲಿ ಒಂದನ್ನಾದ್ರೂ ನಮ್ಮಕ್ಕಂಗೆ ಕೊಟ್ರಾ?"

ನಮ್ಮ ದೊಡ್ಡಪ್ಪ, "ಶುಗರ್ ಮಾತ್ರೆ ಅವಳಿಗ್ಯಾಕಮ್ಮ?" ಎಂದರು. "ಅದನ್ನೇ ಕೇಳ್ತಿದೀನಿ ದೊಡ್ಡಪ್ಪ. ಅವಳಿಗ್ಯಾಕೆ ಅಂತ ಭಾವನೇ ಹೇಳ್ಲಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಭಾವನ ಎಡಗೈ ಶರ್ಟಿನ ಜೇಬಿನ ಮೇಲೆ ಹೋಯಿತು. ಬಲಗೈಯಲ್ಲಿದ್ದ ಒಬ್ಬಟ್ಟಿನ ತುಂಡು ಎಲೆಗೆ ಬಿತ್ತು. ಅವನು ಎದ್ದ. ಶುಭ ಕಾರ್ಯದ ಊಟದಲ್ಲಿ ಅರ್ಧ ಎಲೆಯಿಂದ ಏಳುವುದೆಂದರೆ ನಮ್ಮಲ್ಲಿ ಸೂತಕವಿದ್ದಂತೆ. ಎಲ್ಲರೂ ನೋಡಿದರು, ಅಪ್ಪನೂ ನೋಡಿದರು.

ಹಿತ್ತಲಿನ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದವನ ಹಿಂದೆ ಹೋಗಿ ನಿಂತೆ. ತಿರುಗದೆಯೇ ಹೇಳಿದ: "ಹೇಳಿದ್ರೆ ಊರಲ್ಲಿ ತಲೆ ಎತ್ಕೊಂಡ್ ತಿರುಗೋಕೆ ಆಗ್ತಿತ್ತಾ? ನಿಂಗೇನ್ ಗೊತ್ತು?"

ಅಷ್ಟೇ. ಅಕ್ಕ ಬದುಕಬಹುದಿತ್ತು ಎಂದು ಅವನಿಗೆ ಗೊತ್ತಿತ್ತು. ಅವಳ ಎದುರಿಗೇ ನುಂಗುತ್ತಿದ್ದ, ಅವಳು ಬೇಡಿದರೂ ಕೊಡಲಿಲ್ಲ. ತಲೆ ಎತ್ತಿಕೊಂಡು ತಿರುಗಬೇಕಿತ್ತು ಅವನಿಗೆ.

"ಕಾಯಿಲೆ ಹೆಸರನ್ನ ನಾನು ಊರಿಗೆ ಹೇಳಲ್ಲ" ಎಂದೆ. "ಚೈತ್ರಾ ಇವತ್ತಿಂದ ಇಲ್ಲೇ ಇರ್ತಾಳೆ. ಕೇಳ್ಕೊಂಡು ಬರಬೇಡಿ. ಇನ್ನೆಲ್ಲಾದ್ರೂ ಹೆಣ್ ನೋಡೋಕೆ ಹೋದ್ರೆ ಮೊದಲು ಆ ಹುಡುಗೀಗೆ ನೀವೇ ಹೇಳಿ. ಹೇಳ್ಲಿಲ್ಲ ಅಂದ್ರೆ ಅವರ ಮನೆ ಊಟಕ್ಕೂ ನಾನು ಬರ್ತೀನಿ ಭಾವ, ಬಡಿಸೋಕೆ."

ಅತ್ತೆ ಬೀದಿಯಲ್ಲಿ ನಿಂತು ನನಗೆ ಕೊಟ್ಟ ಶಾಪಗಳು ಅಬ್ಬಿಗೆರೆಯ ಅರ್ಧಕ್ಕೆ ಕೇಳಿಸಿದವು. "ಅಕ್ಕನ್ನ ತಿನ್ಕೊಂಡೋಳು, ನಿಂಗೆ ಒಳ್ಳೇದಾಗಲ್ಲ ಕಣೆ!" ಕಾರುಗಳು ಹೋದವು. ಮೊಗ್ಗಿನ ದಂಡೆ ತಟ್ಟೆಯಲ್ಲೇ ಬಾಡಿತು. ಅಂದು ಸಂಜೆ ಅಮ್ಮನಿಗೆ ನನಗೆ ಗೊತ್ತಿದ್ದುದೆಲ್ಲ ಹೇಳಿದೆ. ಅವಳು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡು, "ಈ ಕೈಯಾರೆ ಬಡಿಸಿದೆನಲ್ಲೇ" ಎಂದಳು. ಅಪ್ಪ ಮರುದಿನ ಬೆಳಿಗ್ಗೆ ಸ್ಕೂಟರ್ ತೆಗೆದು ನನ್ನನ್ನು ಕೂರಿಸಿಕೊಂಡು, ಆ ಶೆಡ್ಡುಗಳ ಮುಂದೆಯೇ ಹಾದು ಶಾಲೆಗೆ ಬಿಟ್ಟು ಬಂದರು. ಪರೀಕ್ಷೆ ಮುಗಿಯುವವರೆಗೂ ಹಾಗೆಯೇ ಬಿಟ್ಟರು. ಆ ಸ್ಕೂಟರಿನ ಹಿಂದೆ ಅಕ್ಕ ಕೂರಬೇಕಿತ್ತು ಎಂದು ದಿನವೂ ಅನಿಸುತ್ತಿತ್ತು. ಅಪ್ಪನ ಮೇಲಿನ ಆ ಸಿಟ್ಟೂ ಪೂರ್ತಿ ಹೋಗಿಲ್ಲ.

ಸುಮಂಗಳಾ ಮಿಸ್, ಅಮ್ಮ, ನಾನು ಸೇರಿ ಚೈತ್ರಾಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅವಳಿಗೆ ಪದೇ ಪದೇ ಜ್ವರ, ಕಿವಿ ಸೋರುವುದು ಇತ್ತು. ಪರೀಕ್ಷೆಯಲ್ಲಿ ಎಚ್‌ಐವಿ ಇದೆ ಎಂದು ಬಂತು. ಅಲ್ಲಿದ್ದ ಆಪ್ತ ಸಮಾಲೋಚಕಿ, "ಮಾತ್ರೆ ಶುರು ಮಾಡೋಣ, ಚೆನ್ನಾಗಿ ಬೆಳೀತಾಳೆ, ಸ್ಕೂಲಿಗೂ ಹೋಗ್ತಾಳೆ" ಎಂದು ಸಮಾಧಾನ ಹೇಳುತ್ತಿದ್ದರು. ನನಗೆ ಕೇಳಿಸಿದ್ದು ಒಂದೇ: ತನ್ನ ಮಾತ್ರೆ ತರಲು ತಿಂಗಳು ತಿಂಗಳೂ ಇಂಥ ಕಡೆಗೇ ಬರುತ್ತಿದ್ದವನು ಹೆತ್ತ ಮಗಳನ್ನು ಒಂದು ಸಲವೂ ಕರೆತಂದಿರಲಿಲ್ಲ. ಚಿಕ್ಕಜಾಲದ ಸರ್ಕಲ್ಲಿನಲ್ಲಿ ನಿಂತು ಅವನ ಮಾನ ಕಳೆಯುತ್ತೇನೆ ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂಗಾಡಿದೆ. ಮಿಸ್ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು. "ಅವನ ಹೆಸರಿನ ಜೊತೆ ಈ ಮಗು ಹೆಸರೂ ಬೀದಿಗೆ ಬರುತ್ತೆ. ಬೇಡ. ಓದು. ಸೇಡು ತೀರಿಸ್ಕೊಳಕ್ಕೆ ನಿಂಗೆ ಆಯಸ್ಸು ಪೂರ್ತಿ ಇದೆ."

ಓದಿದೆ. ಮಾರ್ಚಿನ ಬಿಸಿಲಿನಲ್ಲಿ ಪರೀಕ್ಷೆ ಬರೆದೆ, ಆ ಪಾಠದ ಮೇಲೆ ಪ್ರಶ್ನೆ ಬರಲೇ ಇಲ್ಲ. ಈಗ ದಾಸರಹಳ್ಳಿಯಲ್ಲಿ ನಾನೇ ಆ ಪಾಠ ಮಾಡುತ್ತೇನೆ, ಬಾಗಿಲು ಹಾಕಿಕೊಳ್ಳದೆ ಮಾಡುತ್ತೇನೆ. ನನ್ನ ಕ್ಲಾಸಿನ ಹುಡುಗಿ ನಡುವೆ ಶಾಲೆ ಬಿಟ್ಟರೆ ಅವಳ ಮನೆ ಬಾಗಿಲಿಗೆ ಹೋಗಿ ಕೂರುತ್ತೇನೆ. ಜನ ನನ್ನನ್ನು ಸಮಾಜಸೇವಕಿ ಅನ್ನುತ್ತಾರೆ. ಅದು ಸೇವೆ ಅಲ್ಲ. ಒಬ್ಬೊಬ್ಬ ಹುಡುಗಿ ಹತ್ತನೇ ಕ್ಲಾಸು ದಾಟಿದಾಗಲೂ ನಾನು ಮನಸ್ಸಿನಲ್ಲಿ ಭಾವನ ಕೆನ್ನೆಗೊಂದು ಬಾರಿಸುತ್ತೇನೆ. ಅವನು ಮತ್ತೆ ಮದುವೆಯಾಗಲಿಲ್ಲ. ಯಾವ ಮನೆಯಲ್ಲೂ ಧೈರ್ಯವಾಗಿ ಎಲೆಯ ಮುಂದೆ ಕೂತಿರಲಾರ.

ಚೈತ್ರಾ ಈ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದಳು. ಖೊಖೊ ಆಡಿ ಆಡಿ ನನಗಿಂತ ಎತ್ತರ ಬೆಳೆದಿದ್ದಾಳೆ. ತನ್ನ ಮೈಯಲ್ಲಿ ಏನಿದೆ, ಹೇಗೆ ಬಂತು, ಅಮ್ಮ ಯಾಕೆ ಹೋದಳು, ಎಲ್ಲ ಅವಳಿಗೆ ಗೊತ್ತು. ವಯಸ್ಸಿಗೆ ತಕ್ಕಂತೆ ನಾನೇ ಹೇಳುತ್ತಾ ಬಂದೆ, ಒಂದನ್ನೂ ಮುಚ್ಚಿಡಲಿಲ್ಲ. ಮೊನ್ನೆ ಭಾವ ಡಬ್ಬಿ ಹಿಡಿದು ಬಂದಿದ್ದು ಆ ಫಲಿತಾಂಶ ಕೇಳಿಯೇ.

"ಊರಲ್ಲೆಲ್ಲಾ ನಿಂದೇ ಮಾತು ಮಗಳೇ. ಸರ್ಕಲ್‌ನಲ್ಲಿ ದೊಡ್ಡ ಫ್ಲೆಕ್ಸ್ ಹಾಕಿಸ್ತೀನಿ. ನಿನ್ ಫೋಟೋ, ಪಕ್ಕದಲ್ಲಿ ನಂದು" ಎಂದ.

ಚೈತ್ರಾ ಅವನೆದುರು ಕೂತಿದ್ದಳು. "ಹಾಕ್ಸಿ ಅಪ್ಪ. ಮಧ್ಯದಲ್ಲಿ ಅಮ್ಮನ ಫೋಟೋನೂ ಇರ್ಲಿ. ಅವರು ಹೇಗೆ ಹೋದ್ರು ಅಂತ ಯಾರಾದ್ರೂ ಕೇಳಿದ್ರೆ ಏನ್ ಹೇಳ್ತೀರಾ?"

ಅವನು ಡಬ್ಬಿಯ ಮುಚ್ಚಳವನ್ನು ಸರಿಪಡಿಸತೊಡಗಿದ. ಟೀವಿಯಲ್ಲಿ ವಾರ್ತೆ ಶುರುವಾಯಿತು. ಚೈತ್ರಾ ಎದ್ದು ಷೋಕೇಸಿನಿಂದ ತನ್ನ ಬಾಟಲಿ ತಂದು, ಒಬ್ಬಟ್ಟಿನ ಡಬ್ಬಿಯ ಪಕ್ಕದಲ್ಲಿ, ಲೇಬಲ್ ಅವನ ಕಡೆಗೆ ಬರುವ ಹಾಗೆ ಇಟ್ಟಳು. ಲೇಬಲ್ಲಿನ ಒಂದಕ್ಷರವೂ ಅಳಿಸಿರಲಿಲ್ಲ. ಒಂದು ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಇನ್ನೊಂದು ಲೋಟ ನೀರು ತುಂಬಿಸಿ ಅವನ ಮುಂದಿಟ್ಟಳು. "ನಿಮ್ ಟೈಮೂ ಇದೇ ಅಲ್ವಾ ಅಪ್ಪ? ತಗೊಳಿ."

ಭಾವ ನನ್ನ ಮುಖ ನೋಡಿದ. ನಾನು ಕಣ್ಣು ತೆಗೆಯಲಿಲ್ಲ. ಆಮೇಲೆ ಜೇಬಿಗೆ ಕೈ ಹಾಕಿ ಕಾಗದದ ಪೊಟ್ಟಣ ಬಿಚ್ಚಿದ. ಮಗಳೆದುರು ಮಾತ್ರೆ ನುಂಗಿ, ಲೋಟ ಬರಿದು ಮಾಡಿದ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಟೀಪಾಯಿಯ ಮೇಲೆ ಎರಡು ಖಾಲಿ ಲೋಟಗಳಿದ್ದವು. ಅಕ್ಕನದೂ ಸೇರಿ ಮೂರು ಇರಬೇಕಿತ್ತು.

ಬಾಗಿಲವರೆಗೆ ಅವನನ್ನು ಕಳಿಸಿಕೊಡಲು ಹೋದೆ. ಚಪ್ಪಲಿ ಮೆಟ್ಟುತ್ತಾ, "ನನ್ನ ಕ್ಷಮಿಸಿದೀಯಾ ನೇತ್ರಾ?" ಎಂದು ಕೇಳಿದ.

"ಇಲ್ಲ" ಎಂದೆ. "ಮಾತ್ರೆ ಮಾತ್ರ ತಪ್ಪಿಸ್ಬೇಡಿ ಭಾವ. ನೀವು ತುಂಬಾ ವರ್ಷ ಬದುಕ್ಬೇಕು. ಚೈತ್ರಾ ಇನ್ನೂ ಓದೋದಿದೆ, ಎಲ್ಲಾನೂ ನೋಡ್ಬೇಕು ನೀವು."